ಟೆನಿಸ್ ಸರ್ವಿಸ್‌ನ ವಿಕಾಸ: ಬಲ ಮತ್ತು ಸ್ಥಿರತೆಗಳ ಸಂಬಂಧವನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಕ್ರೀಡೆಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಹೆಸರುಗಳನ್ನೂ ಪಂದ್ಯಗಳ ಫಲಿತಾಂಶಗಳನ್ನೂ ಕಾಲಾನುಕ್ರಮವಾಗಿ ಜೋಡಿಸಿ ತೃಪ್ತರಾಗುವುದುಂಟು. ಆಡುವ ದೇಹದ ಚಲನೆಗೂ ಒಂದು ಚರಿತ್ರೆಯಿದೆಯೆಂಬುದರ ಕಡೆಗೆ ಅವರ ಗಮನ ಅಷ್ಟಾಗಿ ಹರಿದಿಲ್ಲ. ಕೈಯನ್ನೆತ್ತುವ ರೀತಿ, ಪಾದವನ್ನೂರುವ ಬಗೆ, ಚೆಂಡನ್ನು ಮೇಲಕ್ಕೆ ಚಿಮ್ಮುವ ಎತ್ತರ ಇವೆಲ್ಲವೂ ಕಾಲಕಾಲಕ್ಕೆ ಮಾರ್ಪಟ್ಟಿವೆ. ಆ ಮಾರ್ಪಾಟುಗಳಿಗೆ ಹುಡುಕಿದರೆ ಸಿಕ್ಕುವಂಥ ಕಾರಣಗಳೂ ಇವೆ.

ಲಾನ್ ಟೆನಿಸ್ ಆಟದ ಸರ್ವಿಸ್ ಇಂಥ ಅಧ್ಯಯನಕ್ಕೆ ಒಳ್ಳೆಯ ನಿದರ್ಶನ. ಆ ಆಟದ ಉಳಿದೆಲ್ಲ ಹೊಡೆತಗಳಲ್ಲಿ ಆಟಗಾರನು ಎದುರಾಳಿ ಕಳುಹಿಸಿದ ಚೆಂಡಿಗೆ ಉತ್ತರ ಕೊಡಬೇಕಾಗುತ್ತದೆ. ಸರ್ವಿಸ್ ಒಂದರಲ್ಲಿ ಮಾತ್ರ ಚೆಂಡು ಅವನ ಕೈಯಲ್ಲೇ ಇರುತ್ತದೆ, ಹೊಡೆಯುವ ಕ್ಷಣವನ್ನೂ ಎತ್ತರವನ್ನೂ ಅವನೇ ಆರಿಸಿಕೊಳ್ಳುತ್ತಾನೆ. ಇದನ್ನು ಕುರಿತು ಎರಡು ನಂಬಿಕೆಗಳು ಪ್ರಚಾರದಲ್ಲಿವೆ. ಬಲ ಮತ್ತು ಸ್ಥಿರತೆ ಪರಸ್ಪರ ವಿರೋಧಿಗಳು, ಒಂದನ್ನು ಬಯಸುವವನು ಮತ್ತೊಂದನ್ನು ಬಿಟ್ಟುಕೊಡಬೇಕು ಎಂಬುದು ಒಂದು. ಇಂದಿನ ಸರ್ವಿಸ್‌ನ ಬಿರುಸೆಲ್ಲವೂ ಹೊಸ ಬಗೆಯ ರಾಕೆಟ್ಟುಗಳ ಕೊಡುಗೆ ಎಂಬುದು ಮತ್ತೊಂದು. ಈ ಎರಡು ನಂಬಿಕೆಗಳೂ ಚರಿತ್ರೆಯ ಪರೀಕ್ಷೆಗೆ ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಲಾನ್ ಟೆನಿಸ್‌ಗೆ ಪೂರ್ವಜವಾದ, ನಾಲ್ಕು ಗೋಡೆಗಳ ನಡುವೆ ಆಡುತ್ತಿದ್ದ ಹಳೆಯ ಟೆನಿಸ್‌ನಲ್ಲಿ ಸರ್ವಿಸ್ ಮಾಡಿದ ಚೆಂಡು ಪಕ್ಕದ ಇಳಿಜಾರು ಮಾಡನ್ನು ಮುಟ್ಟಿ, ಅದರ ಮೇಲೆ ಹರಿದು, ಎದುರು ಭಾಗಕ್ಕೆ ಬೀಳಬೇಕಾಗಿದ್ದಿತು. ‘ಸರ್ವಿಸ್’ ಎಂದರೆ ಸೇವೆ. ಆಟವನ್ನು ಆರಂಭಿಸಿಕೊಡುವ ಉಪಚಾರವೆಂಬ ಅರ್ಥ ಆ ಮಾತಿನಲ್ಲೇ ಅಡಗಿದೆ. ೧೮೭೪ರಲ್ಲಿ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಎಂಬಾತನು ಹುಲ್ಲಿನ ಮೇಲೆ ಆಡುವ ತನ್ನ ಆಟಕ್ಕೆ ಪೇಟೆಂಟ್ ಪಡೆದಾಗ ಅದರ ಅಂಕಣವು ಡಮರುವಿನಂತೆ ನಡುವಿನಲ್ಲಿ ಕಿರಿದಾಗಿದ್ದಿತು. ಸರ್ವಿಸ್ ಮಾಡುವ ಹಕ್ಕು ಒಂದು ಪಕ್ಕಕ್ಕೆ ಮಾತ್ರ ಇದ್ದಿತು. ಚೆಂಡನ್ನು ನೆಟ್ಟಿನಾಚೆಗೆ ದಾಟಿಸಿಕೊಡುವುದಷ್ಟೇ ಆಗ ಸರ್ವಿಸ್‌ನ ಕೆಲಸ.

೧೮೭೭ರಲ್ಲಿ ಲಂಡನ್ನಿನ ವರ್ಪಲ್ ರಸ್ತೆಯ ಮೈದಾನದಲ್ಲಿ ಪ್ರಥಮ ವಿಂಬಲ್ಡನ್ ಪಂದ್ಯಾವಳಿ ನಡೆಯಿತು. ಅದಕ್ಕಾಗಿ ಹೆನ್ರಿ ಜೋನ್ಸ್, ಜೂಲಿಯನ್ ಮಾರ್ಷಲ್, ಸಿ. ಜಿ. ಹೀತ್‌ಕೋಟ್ ಎಂಬ ಮೂವರು ನಿಯಮಗಳನ್ನು ರಚಿಸಿದರು. ಅಂಕಣವು ೭೮ ಅಡಿ ಉದ್ದ, ೨೭ ಅಡಿ ಅಗಲದ ಆಯತವಾಯಿತು. ಈ ಅಳತೆ ಇಂದಿಗೂ ಬದಲಾಗಿಲ್ಲ. ನೆಟ್ ಎರಡು ತುದಿಗಳಲ್ಲಿ ೫ ಅಡಿ, ನಡುವಿನಲ್ಲಿ ೩ ಅಡಿ ೩ ಅಂಗುಲ ಎತ್ತರವಿದ್ದಿತು. ಸರ್ವಿಸ್ ಚೆಂಡು ಬೀಳಬೇಕಾದ ಚೌಕವು ನೆಟ್ಟಿನಿಂದ ೨೬ ಅಡಿಗಳವರೆಗೆ ಚಾಚಿದ್ದಿತು. ಒಮ್ಮೆ ತಪ್ಪಿದರೆ ಎರಡನೆಯ ಅವಕಾಶವೂ ಉಂಟು. ಇಪ್ಪತ್ತೆರಡು ಮಂದಿ ಹೆಸರು ಕೊಟ್ಟಿದ್ದ ಆ ಪಂದ್ಯಾವಳಿಯಲ್ಲಿ ಬಹುಮಂದಿ ಭುಜದ ಮಟ್ಟದಲ್ಲಿ ಕೈ ಬೀಸಿಯೋ ಕೆಳಗಿನಿಂದ ಎತ್ತಿಯೋ ಸರ್ವಿಸ್ ಮಾಡುತ್ತಿದ್ದರು. ಗೆದ್ದವನು ಸ್ಪೆನ್ಸರ್ ಗೋರ್.

ಪಂದ್ಯಗಳು ಮುಗಿದ ಮೇಲೆ ಹೆನ್ರಿ ಜೋನ್ಸ್ ಮಾಡಿದ ಒಂದು ಕೆಲಸ ಚರಿತ್ರಕಾರನಿಗೆ ಅತ್ಯಂತ ಉಪಯುಕ್ತವಾದುದು. ಅವನು ಆಟದ ಲೆಕ್ಕವನ್ನೆಲ್ಲ ಕೂಡಿಸಿ ನೋಡಿದನು. ಆಡಲಾದ ೬೦೧ ಗೇಮ್‌ಗಳಲ್ಲಿ ೩೭೬ನ್ನು ಸರ್ವಿಸ್ ಮಾಡಿದವನೂ ೨೨೫ನ್ನು ಎದುರಾಳಿಯೂ ಗೆದ್ದಿದ್ದರು. ಅಂದರೆ ನೂರಕ್ಕೆ ೬೨ಕ್ಕಿಂತ ಹೆಚ್ಚು ಗೇಮ್‌ಗಳು ಸರ್ವಿಸ್ ಮಾಡಿದವನ ಪಾಲಾಗಿದ್ದುವು. ಕೇವಲ ಉಪಚಾರವೆಂದು ಎಣಿಸಿದ್ದ ಹೊಡೆತವು ಸದ್ದಿಲ್ಲದೆ ಅಧಿಕಾರವಾಗಿ ಬೆಳೆದಿದ್ದುದು ಈ ಅಂಕೆಗಳಿಂದ ಬಯಲಾಯಿತು. ಅದಕ್ಕೆ ಕಡಿವಾಣ ಹಾಕಬೇಕೆಂದು ನಿಯಮಕಾರರು ನಿಶ್ಚಯಿಸಿದರು.

೨

೧೮೭೮ರಲ್ಲಿ ಸರ್ವಿಸ್ ಚೌಕದ ಆಳವನ್ನು ೨೬ ಅಡಿಗಳಿಂದ ೨೨ಕ್ಕೂ ೧೮೮೦ರಲ್ಲಿ ೨೧ಕ್ಕೂ ಇಳಿಸಲಾಯಿತು. ನೆಟ್ಟಿನ ನಡುವಣ ಎತ್ತರವು ೩ ಅಡಿಗೆ ನಿಂತಿತು. ತುದಿಗಳ ಎತ್ತರವು ಹಂತಹಂತವಾಗಿ ತಗ್ಗಿ ೧೮೮೨ರಲ್ಲಿ ೩ ಅಡಿ ೬ ಅಂಗುಲವಾಯಿತು. ಅಲ್ಲಿಂದೀಚೆಗೆ ಈ ಅಳತೆಗಳು ಸ್ಥಿರವಾಗಿವೆ.

ಈ ಬದಲಾವಣೆಯ ಪರಿಣಾಮವನ್ನು ಅರಿಯಲು ಒಂದು ಸರಳವಾದ ಲೆಕ್ಕ ಸಾಕು. ಸರ್ವಿಸ್ ಮಾಡುವವನ ಹಿಂಗೆರೆಯು ನೆಟ್ಟಿನಿಂದ ೩೯ ಅಡಿ ದೂರದಲ್ಲಿದೆ. ಚೆಂಡು ಬಾಗದೆ ಸರಳರೇಖೆಯಲ್ಲಿ ಚಲಿಸಿ, ನೆಟ್ಟಿನ ನಡುಭಾಗವನ್ನು ಸವರಿಕೊಂಡು, ಚೌಕದ ಹಿಂಗೆರೆಯ ಮೇಲೆ ಬೀಳಬೇಕಾದರೆ ಅದನ್ನು ಎಷ್ಟು ಎತ್ತರದಿಂದ ಹೊಡೆಯಬೇಕು? ೧೮೭೭ರ ಅಳತೆಯಂತೆ ೮ ಅಡಿ ೧½ ಅಂಗುಲ. ೧೮೮೦ರ ಅಳತೆಯಂತೆ ಸುಮಾರು ೮ ಅಡಿ ೭ ಅಂಗುಲ. ಮತ್ತೊಂದು ರೀತಿಯಲ್ಲಿಯೂ ಇದನ್ನು ನೋಡಬಹುದು. ೯ ಅಡಿ ಎತ್ತರದಲ್ಲಿ ಚೆಂಡನ್ನು ಮುಟ್ಟಬಲ್ಲ ಆಟಗಾರನಿಗೆ ಹಳೆಯ ಅಂಕಣದಲ್ಲಿ ನೆಟ್ಟಿನ ಮೇಲೆ ೪ ಅಂಗುಲಕ್ಕೂ ಮಿಕ್ಕ ಅವಕಾಶವಿದ್ದಿತು. ಹೊಸ ಅಂಕಣದಲ್ಲಿ ಉಳಿದುದು ೨ ಅಂಗುಲಕ್ಕಿಂತಲೂ ಕಡಮೆ. ಚೆಂಡಿನ ಅರೆವ್ಯಾಸವೇ ಒಂದು ಅಂಗುಲಕ್ಕಿಂತ ಹೆಚ್ಚೆಂಬುದನ್ನು ನೆನೆದರೆ ಆ ಕಿಂಡಿ ಎಷ್ಟು ಕಿರಿದಾಯಿತೆಂಬುದು ಮನದಟ್ಟಾಗುತ್ತದೆ. ಭೂಮಿಯ ಆಕರ್ಷಣೆಯಿಂದ ಚೆಂಡು ಬಾಗುವುದರಿಂದ ವಾಸ್ತವದಲ್ಲಿ ಸ್ವಲ್ಪ ಅನುಕೂಲ ದೊರೆಯುವುದು ನಿಜ. ಆದರೆ ಚೆಂಡು ವೇಗವಾಗಿ ಹೋದಷ್ಟೂ ಬಾಗಲು ಅದಕ್ಕೆ ಕಾಲ ಸಾಲದು. ವೇಗ ಹೆಚ್ಚಿದಂತೆಲ್ಲ ಆ ಅನುಕೂಲವೂ ಕುಗ್ಗುತ್ತದೆ.

ಭುಜದ ಮಟ್ಟದಿಂದ ಬಿರುಸಾಗಿ ಹೊಡೆಯುವ ದಾರಿ ಹೀಗೆ ಮುಚ್ಚಿಹೋಯಿತು. ಬಲವನ್ನು ಬಿಡಲೊಲ್ಲದವನಿಗೆ ಮೇಲೇರುವುದೊಂದೇ ಉಳಿದ ಹಾದಿ. ೧೮೭೮ರ ವಿಂಬಲ್ಡನ್‌ನಲ್ಲಿ ಎ. ಟಿ. ಮೈಯರ್ಸ್ ಎಂಬಾತನು ತಲೆಯ ಮೇಲಿನಿಂದ ಸರ್ವಿಸ್ ಮಾಡಿದನೆಂದು ದಾಖಲೆಗಳು ಹೇಳುತ್ತವೆ. ೧೮೮೧ರಲ್ಲಿ ವಿಲಿಯಂ ರೆನ್‌ಷಾ ಅದೇ ಎತ್ತರದ ಹೊಡೆತವನ್ನು ಆಕ್ರಮಣದ ಆಯುಧವನ್ನಾಗಿ ಮಾಡಿಕೊಂಡು, ಹಿಂದಿನ ವರ್ಷ ಗೆದ್ದಿದ್ದ ಪಾದ್ರಿ ಜಾನ್ ಹಾರ್ಟ್ಲಿಯನ್ನು ೬-೦, ೬-೧, ೬-೧ರಿಂದ ಸೋಲಿಸಿದನು. ಸರ್ವಿಸ್ ಮಾಡುವವನನ್ನು ಕಟ್ಟಿಹಾಕಲೆಂದು ಮಾಡಿದ ನಿಯಮವೇ ಅವನಿಗೆ ಮೇಲೇರುವ ಪಾಠವನ್ನು ಕಲಿಸಿತೆಂಬುದು ಇಲ್ಲಿ ಗಮನಾರ್ಹ.

೩

ಎತ್ತರವು ಬಲಕ್ಕೆ ದಾರಿ ತೆರೆಯಿತಾದರೂ ಸ್ಥಿರತೆಯ ಸಮಸ್ಯೆ ಹಾಗೆಯೇ ಉಳಿಯಿತು. ಹತ್ತರಲ್ಲಿ ನಾಲ್ಕು ಸಲ ತಪ್ಪುವ ಬಿರುಸಿನ ಸರ್ವಿಸನ್ನೇ ಒಬ್ಬನು ಎರಡು ಅವಕಾಶಗಳಲ್ಲಿಯೂ ಹೊಡೆದನೆನ್ನೋಣ. ಆಗ ನೂರರಲ್ಲಿ ಹದಿನಾರು ಅಂಕಗಳು ಎದುರಾಳಿಗೆ ದಾನವಾಗುತ್ತವೆ. ಎರಡನೆಯ ಸರ್ವಿಸ್ ಹತ್ತರಲ್ಲಿ ಒಂದು ಸಲ ಮಾತ್ರ ತಪ್ಪುವಂತಿದ್ದರೆ ಆ ನಷ್ಟ ನಾಲ್ಕಕ್ಕೆ ಇಳಿಯುತ್ತದೆ. ಆದರೆ ಬರಿಯ ಮೆದುವಾದ ಚೆಂಡನ್ನು ಕಳುಹಿಸಿದರೆ ಎದುರಾಳಿ ಸುಮ್ಮನೆ ಬಿಡುವನೆ? ಬಿರುಸನ್ನು ಪೂರ್ತಿಯಾಗಿ ತೊರೆಯದೆ ಚೆಂಡನ್ನು ಚೌಕದೊಳಗೆ ಬೀಳಿಸುವ ಉಪಾಯ ಬೇಕಾಗಿದ್ದಿತು. ಆ ಉಪಾಯವೇ ಚೆಂಡಿಗೆ ಕೊಡುವ ಸುತ್ತು, ಅಂದರೆ ಸ್ಪಿನ್.

ಈ ವಿಷಯದಲ್ಲಿ ಶಾಸ್ತ್ರವು ಪ್ರಯೋಗಕ್ಕಿಂತ ಬಹುಕಾಲ ಮುಂದಿದ್ದುದು ಸೋಜಿಗದ ಸಂಗತಿ. ಓರೆಯಾಗಿ ಹಿಡಿದ ರಾಕೆಟ್ಟಿನಿಂದ ಹೊಡೆದ ಟೆನಿಸ್ ಚೆಂಡು ಡೊಂಕಾಗಿ ಚಲಿಸುವುದನ್ನು ತಾನು ಕಂಡುದಾಗಿ ಐಸಾಕ್ ನ್ಯೂಟನ್ ೧೬೭೨ರಲ್ಲಿ, ಬೆಳಕು ಮತ್ತು ಬಣ್ಣಗಳನ್ನು ಕುರಿತ ಪತ್ರದಲ್ಲಿ ಪ್ರಸ್ತಾಪಿಸಿದ್ದನು. ಮೊದಲ ವಿಂಬಲ್ಡನ್ ನಡೆದ ೧೮೭೭ರಲ್ಲೇ ಲಾರ್ಡ್ ರೇಲೀ ಟೆನಿಸ್ ಚೆಂಡಿನ ವಕ್ರಗತಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ತಿರುಗುತ್ತ ಸಾಗುವ ಚೆಂಡಿನ ಒಂದು ಪಕ್ಕದಲ್ಲಿ ಗಾಳಿಯ ಒತ್ತಡ ಹೆಚ್ಚಿ ಮತ್ತೊಂದು ಪಕ್ಕದಲ್ಲಿ ಕುಗ್ಗುವುದರಿಂದ ಅದು ಬಾಗುತ್ತದೆ. ಚೆಂಡಿನ ಮೇಲ್ಭಾಗವು ಮುಂದಕ್ಕೆ ಉರುಳುವಂತೆ ಸುತ್ತು ಕೊಟ್ಟರೆ ಈ ಬಲವು ಕೆಳಮುಖವಾಗಿರುತ್ತದೆ. ಭೂಮಿಯ ಆಕರ್ಷಣೆಗೆ ಮತ್ತೊಂದು ಕೈ ಸೇರಿದಂತಾಗಿ, ನೆಟ್ಟಿನಿಂದ ಸಾಕಷ್ಟು ಮೇಲೆ ಹಾದ ಚೆಂಡೂ ಚೌಕದೊಳಗೆ ಇಳಿಯುತ್ತದೆ.

ಈ ತತ್ತ್ವವು ಸರ್ವಿಸ್‌ನಲ್ಲಿ ಎಷ್ಟು ಪರಿಣಾಮಕಾರಿಯೆಂಬುದು ಜಗತ್ತಿಗೆ ತಿಳಿದುದು ೧೯೦೦ನೆಯ ಆಗಸ್ಟಿನಲ್ಲಿ. ಅಮೆರಿಕದ ಬಾಸ್ಟನ್ನಿನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ಪ್ರಥಮ ಡೇವಿಸ್ ಕಪ್ ಪಂದ್ಯ ನಡೆದಾಗ ಆರ್ಥರ್ ಗೋರ್, ಅರ್ನೆಸ್ಟ್ ಬ್ಲ್ಯಾಕ್, ರೋಪರ್ ಬ್ಯಾರೆಟ್ ಎಂಬ ಬ್ರಿಟಿಷ್ ಆಟಗಾರರು ಡ್ವೈಟ್ ಡೇವಿಸ್, ಹೋಲ್ಕಂಬ್ ವಾರ್ಡ್ ಮತ್ತು ಮಾಲ್ಕಂ ವಿಟ್ಮನ್‌ರನ್ನು ಎದುರಿಸಿದರು. ಡೇವಿಸ್ ಮತ್ತು ವಾರ್ಡ್ ಹೊಡೆಯುತ್ತಿದ್ದ ಸರ್ವಿಸ್ ಗಾಳಿಯಲ್ಲಿ ಒಂದು ಕಡೆಗೆ ಬಾಗಿ, ನೆಲಕ್ಕೆ ತಾಗಿದೊಡನೆ ಎತ್ತರಕ್ಕೆ ಪುಟಿದು ಇನ್ನೊಂದು ಕಡೆಗೆ ಸಿಡಿಯುತ್ತಿದ್ದಿತು. ಅತಿಥಿಗಳಿಗೆ ಇದರ ಪರಿಚಯವಿರಲಿಲ್ಲ. ಆತಿಥೇಯರು ೩-೦ರಿಂದ ಗೆದ್ದರು. ಆ ಹೊಡೆತಕ್ಕೆ ‘ಅಮೆರಿಕನ್ ಟ್ವಿಸ್ಟ್’ ಎಂಬ ಹೆಸರು ನಿಂತಿತು.

ಸುತ್ತಿನ ಸರ್ವಿಸ್‌ನ ಹಿರಿಮೆಯೆಂದರೆ, ಅದರಲ್ಲಿ ರಾಕೆಟ್ಟಿನ ಬೀಸು ಮೆಲ್ಲಗಾಗುವುದಿಲ್ಲ. ಬೀಸಿನ ಶಕ್ತಿಯಲ್ಲಿ ಒಂದು ಪಾಲು ಮುಂದಿನ ವೇಗವಾಗುವುದರ ಬದಲು ಚೆಂಡಿನ ತಿರುಗಾಟವಾಗುತ್ತದೆ. ಹೆದರಿ ಕೈ ತಡೆಯುವವನ ಚೆಂಡಿಗೆ ಸುತ್ತು ಸಾಲದೆ ಅದು ಕೆಳಗಿಳಿಯುವುದೇ ಇಲ್ಲ. ಹೀಗೆ, ತಪ್ಪದಿರಬೇಕಾದರೂ ಬಲವಾಗಿಯೇ ಬೀಸಬೇಕೆಂಬ ವಿಚಿತ್ರವಾದ ಸತ್ಯ ಆಟಗಾರರ ಅನುಭವಕ್ಕೆ ಬಂದಿತು. ಬಲ ಮತ್ತು ಸ್ಥಿರತೆ ವಿರೋಧಿಗಳೆಂಬ ಮೊದಲನೆಯ ನಂಬಿಕೆ ಇಲ್ಲಿ ಸಡಿಲವಾಗುತ್ತದೆ. ೧೯೯೩ರಿಂದ ೨೦೦೦ದವರೆಗೆ ಏಳು ಸಲ ವಿಂಬಲ್ಡನ್ ಗೆದ್ದ ಪೀಟ್ ಸಾಂಪ್ರಸ್ ಅವರ ಖ್ಯಾತಿಗೆ ಮೊದಲ ಸರ್ವಿಸ್‌ನಷ್ಟೇ ಎರಡನೆಯ ಸರ್ವಿಸ್‌ನ ಬಿರುಸೂ ಕಾರಣವಾಗಿದ್ದುದನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು.

೪

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಶುದ್ಧ ವೇಗದ ಯುಗ ಆರಂಭವಾಯಿತು. ಕ್ಯಾಲಿಫೋರ್ನಿಯದ ಮಾರಿಸ್ ಮೆಕ್‌ಲಾಕ್ಲಿನ್ ತನ್ನ ಫಿರಂಗಿ ಗುಂಡಿನಂಥ ಸರ್ವಿಸ್‌ನಿಂದ ೧೯೧೨ ಮತ್ತು ೧೯೧೩ರಲ್ಲಿ ಅಮೆರಿಕದ ಚಾಂಪಿಯನ್ ಆದನು. ೧೯೧೪ರ ಡೇವಿಸ್ ಕಪ್ಪಿನಲ್ಲಿ ಅವನು ಆಸ್ಟ್ರೇಲಿಯದ ನಾರ್ಮನ್ ಬ್ರೂಕ್ಸ್‌ನನ್ನು ಎದುರಿಸಿದಾಗ ಮೊದಲನೆಯ ಸೆಟ್ ೧೭-೧೫ರವರೆಗೆ ಬೆಳೆಯಿತು. ಇಬ್ಬರ ಸರ್ವಿಸೂ ಬಲವಾದಾಗ ಆಟ ಮುಗಿಯುವುದೇ ಕಷ್ಟವೆಂಬುದಕ್ಕೆ ಇದೊಂದು ಮುನ್ಸೂಚನೆ. ಬಿಲ್ ಟಿಲ್ಡನ್ ಆ ವೇಗಕ್ಕೆ ವಿವೇಚನೆಯನ್ನು ಕೂಡಿಸಿದನು. ೧೯೨೫ರಲ್ಲಿ ಚೆಂಡಿನ ಸುತ್ತನ್ನೇ ಮುಖ್ಯ ವಿಷಯವಾಗಿ ಮಾಡಿಕೊಂಡು ಒಂದು ಗ್ರಂಥವನ್ನು ಬರೆದನು. ಮಹಿಳೆಯರಲ್ಲಿ ೧೯೩೯ರ ವಿಂಬಲ್ಡನ್ ವಿಜೇತೆ ಆಲಿಸ್ ಮಾರ್ಬಲ್ ಬಲವಾದ ಸರ್ವಿಸ್ ಮಾಡಿ ನೆಟ್ಟಿನ ಕಡೆಗೆ ನುಗ್ಗುವ ಪದ್ಧತಿಯನ್ನು ರೂಢಿಗೆ ತಂದಳು. ೧೯೪೭ರಲ್ಲಿ ವಿಂಬಲ್ಡನ್ ಗೆದ್ದ ಜಾಕ್ ಕ್ರೇಮರ್ ಇದೇ ಪದ್ಧತಿಯನ್ನು ಒಂದು ವ್ಯವಸ್ಥಿತ ಯುದ್ಧತಂತ್ರವನ್ನಾಗಿ ಬೆಳೆಸಿದನು.

ಈ ಕಾಲದ ಆಟಗಾರರೆಲ್ಲರ ಪಾದಗಳನ್ನು ಒಂದು ನಿಯಮ ಕಟ್ಟಿಹಾಕಿದ್ದಿತು. ಚೆಂಡನ್ನು ಹೊಡೆಯುವವರೆಗೂ ಸರ್ವಿಸ್ ಮಾಡುವವನು ನೆಲದ ಸಂಪರ್ಕವನ್ನು ಬಿಡಕೂಡದಾಗಿದ್ದಿತು. ೧೯೬೦ರ ಆಸುಪಾಸಿನಲ್ಲಿ ಈ ನಿರ್ಬಂಧ ಸಡಿಲವಾದಾಗ ಮಂಡಿ ಬಗ್ಗಿಸಿ ಮೇಲಕ್ಕೆ ಚಿಮ್ಮುವ ಸರ್ವಿಸ್ ಸಾಧ್ಯವಾಯಿತು. ಇದರ ಫಲ ಇಮ್ಮಡಿಯಾದುದು. ಕಾಲುಗಳ ಶಕ್ತಿ ಬೀಸಿಗೆ ಸೇರಿತು. ಹೊಡೆಯುವ ಎತ್ತರವೂ ಏರಿ, ೧೮೮೦ರ ನಿಯಮದಿಂದ ಕಿರಿದಾಗಿದ್ದ ಕಿಂಡಿ ಮತ್ತಷ್ಟು ತೆರೆದುಕೊಂಡಿತು. ಒಂದೇ ಚಲನೆಯಿಂದ ಬಲವೂ ಹೆಚ್ಚಿತು, ತಪ್ಪುವ ಸಂಭವವೂ ಕುಗ್ಗಿತು.

ಸರ್ವಿಸ್‌ನ ಪ್ರಾಬಲ್ಯಕ್ಕೆ ನಿಯಮಕಾರರು ಮತ್ತೊಮ್ಮೆ ಉತ್ತರ ಕೊಡಬೇಕಾಯಿತು. ೧೯೬೯ರ ವಿಂಬಲ್ಡನ್‌ನಲ್ಲಿ ಪಾಂಚೊ ಗೊನ್ಸಾಲೆಸ್ ಮತ್ತು ಚಾರ್ಲಿ ಪಸರೆಲ್ ನಡುವಣ ಪಂದ್ಯ ೧೧೨ ಗೇಮ್‌ಗಳವರೆಗೆ ನಡೆಯಿತು. ೧೯೭೦ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿಯೂ ೧೯೭೧ರಲ್ಲಿ ವಿಂಬಲ್ಡನ್ನೂ ಟೈಬ್ರೇಕನ್ನು ಅಳವಡಿಸಿಕೊಂಡುವು. ಆದರೂ ವಿಂಬಲ್ಡನ್ನಿನ ಕೊನೆಯ ಸೆಟ್ಟಿಗೆ ಅದು ಅನ್ವಯಿಸದಿದ್ದುದರಿಂದ ೨೦೧೦ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ೭೦-೬೮ರವರೆಗೆ ಹೋರಾಡಿದರು. ಇಸ್ನರ್ ೧೧೩, ಮಾಹು ೧೦೩ ಏಸ್‌ಗಳನ್ನು ಹೊಡೆದರು. ೨೦೧೯ರಲ್ಲಿ ಅಲ್ಲಿಯ ಕೊನೆಯ ಸೆಟ್ಟಿಗೂ ಟೈಬ್ರೇಕ್ ಬಂದಿತು.

೫

ಸರ್ವಿಸ್‌ನ ಬಲ ದೇಹದ ಯಾವ ಭಾಗದಿಂದ ಹುಟ್ಟುತ್ತದೆ? ಈ ಪ್ರಶ್ನೆಗೆ ಆಟಗಾರರ ಹೇಳಿಕೆಗಳನ್ನಷ್ಟೇ ಆಧಾರವಾಗಿ ಹಿಡಿಯುವಂತಿಲ್ಲ. ಒಂದು ಕ್ಷಣದ ಅಲ್ಪಾಂಶದಲ್ಲಿ ನಡೆದುಹೋಗುವ ಕ್ರಿಯೆಯನ್ನು ಮಾಡಿದವನೂ ಕಂಡಿರುವುದಿಲ್ಲ. ಆದುದರಿಂದ ಛಾಯಾಚಿತ್ರವು ಇಲ್ಲಿ ಶಾಸನದಷ್ಟೇ ಮೌಲಿಕವಾದ ಆಕರ. ೧೮೮೭ರಲ್ಲಿ ಪ್ರಕಟವಾದ ಎಡ್ವರ್ಡ್ ಮೈಬ್ರಿಡ್ಜ್‌ನ ಚಲನೆಯ ಚಿತ್ರಮಾಲೆಗಳಲ್ಲಿ ಟೆನಿಸ್ ಆಟವೂ ಸೇರಿದ್ದಿತು. ೧೯೦೫ರಲ್ಲಿ ಜಾರ್ಜ್ ಬೆಲ್ಡಮ್ ಮತ್ತು ಪಿ. ಎ. ವೇಲ್ ಅಂದಿನ ಪ್ರಸಿದ್ಧ ಆಟಗಾರರ ಹೊಡೆತಗಳನ್ನು ಚಿತ್ರಗಳ ಮೂಲಕ ವಿವರಿಸುವ ಗ್ರಂಥವನ್ನು ಹೊರತಂದರು.

ಮಣಿಕಟ್ಟನ್ನು ಚಾಟಿಯಂತೆ ಕೊಡಹುವುದೇ ಬಲದ ಗುಟ್ಟೆಂದು ಬಹುಕಾಲ ಬೋಧಿಸಲಾಗುತ್ತಿತ್ತು. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬೋಧನೆಯನ್ನು ತಿದ್ದಿತು. ಚೆಂಡನ್ನು ತಾಕುವ ಕ್ಷಣದಲ್ಲಿ ರಾಕೆಟ್ಟಿನ ಮುನ್ನಡೆಯ ವೇಗದಲ್ಲಿ ನೂರಕ್ಕೆ ಸುಮಾರು ೫೪ ಪಾಲು ಮೇಲುತೋಳು ತನ್ನ ಅಕ್ಷದ ಮೇಲೆ ಒಳಮುಖವಾಗಿ ತಿರುಗುವುದರಿಂದಲೂ ಸುಮಾರು ೩೧ ಪಾಲು ಮಣಿಕಟ್ಟು ಬಾಗುವುದರಿಂದಲೂ ಬರುತ್ತದೆಂದು ಅವರು ಕಂಡುಕೊಂಡರು. ತೋಳು ಹೀಗೆ ತಿರುಗಬೇಕಾದರೆ ಅದಕ್ಕೆ ಮೊದಲು ಕಾಲು ನೆಲವನ್ನೊತ್ತಿ, ಸೊಂಟ ತಿರುಗಿ, ಮುಂಡವು ಅದನ್ನನುಸರಿಸಿ, ಭುಜ ಮೇಲೇರಬೇಕು. ಒಂದು ಅಂಗದಿಂದ ಮತ್ತೊಂದಕ್ಕೆ ಶಕ್ತಿ ಸರಪಳಿಯಂತೆ ಸಾಗುತ್ತದೆ. ನಡುವಿನ ಒಂದು ಕೊಂಡಿ ತಪ್ಪಿದರೆ ತೋಳೊಂದೇ ಭಾರವನ್ನು ಹೊರಬೇಕಾಗಿ ಬಲವೂ ಕುಂದುತ್ತದೆ, ಭುಜವೂ ನೋಯುತ್ತದೆ.

ಸ್ಥಿರತೆಯ ಮೂಲವಾದರೋ ರಾಕೆಟ್ ಹಿಡಿಯದ ಕೈಯಲ್ಲಿದೆ. ಮೇಲೆಸೆದ ಚೆಂಡು ತನ್ನ ಅತ್ಯುನ್ನತ ಸ್ಥಾನದ ಒಂದು ಅಡಿಯೊಳಗೆ, ಏರುವಾಗಲೂ ಇಳಿಯುವಾಗಲೂ ಸೇರಿ, ಅರ್ಧ ಸೆಕೆಂಡಿನಷ್ಟು ಕಾಲ ಇರುತ್ತದೆ. ಅದೇ ಚೆಂಡು ನಾಲ್ಕು ಅಡಿ ಕೆಳಗೆ ಬಿದ್ದ ಮೇಲೆ ಮುಂದಿನ ಒಂದು ಅಡಿಯನ್ನು ಸೆಕೆಂಡಿನ ಹದಿನೇಳನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಅತಿಯಾಗಿ ಎತ್ತರಕ್ಕೆಸೆದು, ಬೀಳುವ ಚೆಂಡನ್ನು ಬೆನ್ನಟ್ಟಿ ಹೊಡೆಯುವವನಿಗೆ ಒದಗುವ ಅವಕಾಶ ಎಷ್ಟು ಅಲ್ಪವೆಂಬುದು ಇದರಿಂದ ವಿದಿತವಾಗುತ್ತದೆ. ಶಿಖರದಿಂದ ತುಸುವೇ ಇಳಿದ ಚೆಂಡನ್ನು ಹೊಡೆಯುವಂತೆ, ಪ್ರತಿಸಲವೂ ಒಂದೇ ತಾಣಕ್ಕೆ ಎಸೆಯುವುದು ಸ್ಥಿರತೆಯ ಪ್ರಥಮ ಸೋಪಾನ. ೨೦೧೨ರ ವಿಂಬಲ್ಡನ್‌ನಲ್ಲಿ ೧೦೨ ಏಸ್‌ಗಳನ್ನು ಹೊಡೆದ ಸೆರೆನಾ ವಿಲಿಯಮ್ಸ್ ಅವರ ಸರ್ವಿಸನ್ನು ಬಲ್ಲವರು ಮೊದಲು ಹೊಗಳುವುದು ಅವರ ಚೆಂಡೆಸೆತದ ಏಕರೂಪತೆಯನ್ನು.

೬

ಇನ್ನು ರಾಕೆಟ್ಟಿನ ವಿಚಾರ. ೧೯೬೭ರಲ್ಲಿ ಉಕ್ಕಿನ ರಾಕೆಟ್, ೧೯೭೬ರಲ್ಲಿ ಹೊವಾರ್ಡ್ ಹೆಡ್ ರೂಪಿಸಿದ ಅಗಲ ಮುಖದ ರಾಕೆಟ್, ೧೯೮೦ರ ದಶಕದಲ್ಲಿ ಗ್ರಾಫೈಟ್ ಹೀಗೆ ಮರದ ರಾಕೆಟ್ ಮರೆಯಾಯಿತು. ಸರ್ವಿಸ್‌ನ ವೇಗವೆಲ್ಲ ಇದರಿಂದಲೇ ಬಂದಿತೆಂಬ ವಾದಕ್ಕೆ ೧೯೯೭ರಲ್ಲಿ ಅಮೆರಿಕದ ಟೆನಿಸ್ ಪತ್ರಿಕೆಯೊಂದು ನಡೆಸಿದ ಪ್ರಯೋಗವು ತಕ್ಕ ಉತ್ತರ ನೀಡುತ್ತದೆ. ಬಿರುಸಿಗೆ ಹೆಸರಾಗಿದ್ದ ಮಾರ್ಕ್ ಫಿಲಿಪೂಸಿಸ್ ತಮ್ಮ ಹೊಸ ರಾಕೆಟ್ಟಿನಿಂದ ಗಂಟೆಗೆ ಸರಾಸರಿ ೧೨೪ ಮೈಲಿ ವೇಗದಲ್ಲಿ ಸರ್ವಿಸ್ ಮಾಡಿದರು; ಹಳೆಯ ಮರದ ರಾಕೆಟ್ಟಿನಿಂದ ೧೨೨ ಮೈಲಿ. ಒಂದೇ ಒಂದು ಪ್ರಯೋಗದಿಂದ ಎಲ್ಲವೂ ಸಿದ್ಧಾಂತವಾಗದಿದ್ದರೂ, ಬಲದ ಬಹುಭಾಗ ದೇಹದ್ದೆಂಬುದಕ್ಕೆ ಇದು ಸಾಕ್ಷಿ. ಅಗಲವಾದ ಹಗುರ ರಾಕೆಟ್ಟಿನ ನಿಜವಾದ ಕೊಡುಗೆ ಬೇರೆಯದು. ಚೆಂಡು ನಟ್ಟನಡುವೆ ತಾಗದಿದ್ದರೂ ಅದು ಕ್ಷಮಿಸುತ್ತದೆ. ಓರೆಯಾಗಿ ಬೀಸಿ ಸುತ್ತು ಕೊಡುವವನಿಗೆ ಧೈರ್ಯ ತುಂಬುತ್ತದೆ. ಅಂದರೆ ಯಂತ್ರಶಿಲ್ಪವು ಬಲಕ್ಕಿಂತ ಹೆಚ್ಚಾಗಿ ಸ್ಥಿರತೆಗೆ ನೆರವಾಗಿದೆ.

ವೇಗದ ದಾಖಲೆಗಳನ್ನು ಬಳಸುವಾಗಲೂ ಎಚ್ಚರ ಅವಶ್ಯಕ. ೨೦೦೪ರಲ್ಲಿ ಆಂಡಿ ರಾಡಿಕ್ ಗಂಟೆಗೆ ೨೪೯ ಕಿಲೋಮೀಟರ್, ೨೦೧೬ರಲ್ಲಿ ಜಾನ್ ಇಸ್ನರ್ ೨೫೩ ಕಿಲೋಮೀಟರ್ ಮುಟ್ಟಿದರೆಂಬ ಅಂಕೆಗಳು ರಾಡಾರ್ ಯಂತ್ರದವು. ಚೆಂಡು ರಾಕೆಟ್ಟನ್ನು ಬಿಟ್ಟ ತತ್‌ಕ್ಷಣದ ವೇಗವನ್ನು ಅವು ಹೇಳುತ್ತವೆ. ಟಿಲ್ಡನ್‌ನ ಕಾಲದ ಬಗ್ಗೆ ಹೇಳಲಾಗುವ ವೇಗಗಳನ್ನು ಅಳೆದ ವಿಧಾನವೇ ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವುದು, ಬೇರೆಬೇರೆ ನಾಡಿನ ಕೊಳಗಗಳಿಂದ ಅಳೆದ ಧಾನ್ಯವನ್ನು ಒಂದೇ ಲೆಕ್ಕಕ್ಕೆ ಬರೆದಂತೆ.

೭

ಬಲವಾದ ಸರ್ವಿಸ್ ಇಲ್ಲದೆ ಉನ್ನತ ಸಾಧನೆ ಅಸಾಧ್ಯವೆಂಬ ತೀರ್ಮಾನಕ್ಕೂ ಆತುರಪಡಬಾರದು. ಭಾರತದ ರಾಮನಾಥನ್ ಕೃಷ್ಣನ್ ಬಿರುಸಿನ ಸರ್ವಿಸ್‌ಗೆ ಹೆಸರಾದವರಲ್ಲ. ಆದರೂ ನಯವಾದ ಸ್ಪರ್ಶ ಮತ್ತು ನಿಖರತೆಗಳ ಬಲದಿಂದ ೧೯೬೦ ಮತ್ತು ೧೯೬೧ರಲ್ಲಿ ಅವರು ವಿಂಬಲ್ಡನ್ ಸೆಮಿಫೈನಲನ್ನು ತಲುಪಿದರು. ಮುಂದಿನ ಕಾಲದ ಮಾದರಿಗೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಕೊಡಗಿನ ರೋಹನ್ ಬೋಪಣ್ಣ ಅವರ ಆಟಕ್ಕೆ ಬಲಿಷ್ಠವಾದ ಸರ್ವಿಸೇ ಅಡಿಪಾಯವಾಗಿದ್ದಿತು. ೨೦೨೪ರಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಅವರು ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಕಾಲಿನ ಚುರುಕು ತಗ್ಗುವ ವಯಸ್ಸಿನಲ್ಲಿಯೂ ಕ್ರಮವರಿತ ಸರ್ವಿಸ್ ಉಳಿದು ಬರಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣ ಬೇಕಿಲ್ಲ.

ಮೇಲ್ಕಂಡ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ೧೮೭೮ರಿಂದ ೧೮೮೨ರವರೆಗಿನ ನಿಯಮಗಳು ಸರ್ವಿಸನ್ನು ಕುಗ್ಗಿಸಲು ಹೊರಟು ಅದನ್ನು ಎತ್ತರಕ್ಕೇರಿಸಿದುವು. ಎರಡನೆಯ ಅವಕಾಶವನ್ನು ಕಾಪಾಡಿಕೊಳ್ಳುವ ಅಗತ್ಯವು ಸುತ್ತನ್ನು ಕಲಿಸಿತು. ನೆಲದ ಕಟ್ಟು ಬಿಟ್ಟಾಗ ಕಾಲುಗಳ ಬಲ ತೋಳಿಗೆ ಬಂದಿತು. ಈ ಮೂರರಲ್ಲಿ ಯಾವುದೂ ಬಲವನ್ನು ಹೆಚ್ಚಿಸಿ ಸ್ಥಿರತೆಯನ್ನು ಕಳೆಯಲಿಲ್ಲ. ಮೂರೂ ಚೌಕದೊಳಗೆ ಚೆಂಡನ್ನು ಬೀಳಿಸುವ ಅವಕಾಶವನ್ನು ಹಿಗ್ಗಿಸಿ, ಆ ಹಿಗ್ಗಿದ ಅವಕಾಶದಲ್ಲಿ ಬಲಕ್ಕೆ ಎಡೆಮಾಡಿಕೊಟ್ಟುವು. ಹೆನ್ರಿ ಜೋನ್ಸ್‌ನನ್ನು ಚಿಂತೆಗೀಡುಮಾಡಿದ್ದ ನೂರಕ್ಕೆ ೬೨ ಎಂಬ ಪ್ರಮಾಣವು ಈಚಿನ ದಶಕಗಳ ಪುರುಷರ ಉನ್ನತ ಮಟ್ಟದ ಆಟದಲ್ಲಿ ಐದಕ್ಕೆ ನಾಲ್ಕರ ಸಮೀಪಕ್ಕೆ ಬಂದಿರುವುದು ಇದರ ಫಲ. ಸರ್ವಿಸನ್ನು ಕಲಿಯುವವರೂ ಕಲಿಸುವವರೂ ಈ ಚರಿತ್ರೆಯ ಕ್ರಮವನ್ನೇ ಅನುಸರಿಸಿ, ಎತ್ತರ ಮತ್ತು ಎಸೆತಗಳನ್ನು ಮೊದಲು, ಸುತ್ತನ್ನು ಅನಂತರ, ವೇಗವನ್ನು ಕಡೆಯಲ್ಲಿ ಸಾಧಿಸುವುದು ಲೇಸು.